ಮ್ಯಾಡ್ರಿಡ್‌ನಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ಮೈಸೂರಿನಿಂದ ಬರುವವರಿಗೆ ಉತ್ತರ

ನಿಮ್ಮ ಮನೆಯವರು ಮೈಸೂರಲ್ಲಿ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸ್ತಿದ್ದರು, ಇಲ್ಲೂ ಅದೇ ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತದೆ, ಆದರೆ ಸ್ವಲ್ಪ ಅಲೆಯಬೇಕು. ನಾನು ಮೊದಲು ಹೋದ ಕಡೆ ‘ನೇಟಿವ್ ಟೀಚರೇ ಬೇಕು’ ಅಂತ ಬಾಗಿಲಲ್ಲೇ ಕಳಿಸಿಬಿಟ್ಟರು. ಎರಡನೇ ಕಡೆ ಒಂದು ಡೆಮೊ ಕ್ಲಾಸ್ ಕೊಟ್ಟರು, ಕೆಲಸ ಆಯಿತು.

ಇಲ್ಲಿ ಅಕಾಡೆಮಿಯಾ ಅಂದರೆ ನಮ್ಮ ಟ್ಯೂಷನ್ ಸೆಂಟರ್ ಇದ್ದ ಹಾಗೆ. ಸಂಜೆ ಮಕ್ಕಳು, ಆಮೇಲೆ ಆಫೀಸ್ ಮುಗಿಸಿ ಬರುವವರು. ಕಾಲೇಜಿನವರಿಗೆ ಬರೀ ಬಿ1, ಬಿ2 (ಯುರೋಪಿನಲ್ಲಿ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಮಧ್ಯದ ಹಂತಗಳು) ಸರ್ಟಿಫಿಕೇಟಿನ ಚಿಂತೆ.

ನಿಜ ಹೇಳಬೇಕಂದರೆ ಕನ್ನಡ ಬರುವವರಿಗೆ ಈ ಕೆಲಸ ಸಲೀಸು. ಸ್ಪ್ಯಾನಿಷ್‌ನಲ್ಲಿ ‘ಸ್ಕ’, ‘ಸ್ಟ’ ಅಂತ ಪದ ಶುರುವೇ ಆಗಲ್ಲ, ಹಾಗಾಗಿ ಇವರ ಬಾಯಲ್ಲಿ ಸ್ಕೂಲ್ ‘ಎಸ್ಕೂಲ್’, ಸ್ಟಾಪ್ ‘ಎಸ್ತಾಪ್’. ಇಸ್ಕೂಲು, ಇಸ್ಟೇಷನ್ನು ಅಂತ ಕೇಳಿಕೊಂಡೇ ಬೆಳೆದ ನಾನು ಯಾವ ಬಾಯಲ್ಲಿ ನಗಲಿ! ‘ಇಟ್’ ನುಂಗಿ ‘ಈಸ್ ರೈನಿಂಗ್’ ಅನ್ನುತ್ತಾರೆ. ಬಂದೆ, ಬಂದೆವು ಅಂದರೆ ಯಾರು ಅಂತ ನಮಗೆ ಗೊತ್ತಾಗುತ್ತದೆ ಅಲ್ವಾ, ಅವರದ್ದೂ ಹಾಗೇ, ‘ನಾನು’ ‘ನಾವು’ ಬೇಕೇ ಇಲ್ಲ. ಜಾಸ್ತಿ ಒದ್ದಾಡುವುದು ಶಿಪ್ಪಿಗೂ ಶೀಪಿಗೂ. ಅವರ ಭಾಷೆಯಲ್ಲಿ ಐದೇ ಸ್ವರ, ಹ್ರಸ್ವ ದೀರ್ಘ ಅನ್ನುವುದೇ ಇಲ್ಲ. ಕೊನೆಗೆ ನಾನು ಬೋರ್ಡಿನ ಮೇಲೆ ಲಘು ಗುರು ಹಾಕಿದೆ, ಇದಕ್ಕೆ ಒಂದು ಚಪ್ಪಾಳೆ, ಅದಕ್ಕೆ ಎರಡು ಅಂತ. ಇಂಗ್ಲಿಷಿನಲ್ಲಿ ಉದ್ದ ಒಂದೇ ಅಲ್ಲ, ಸ್ವರವೇ ಬೇರೆ, ಆದರೂ ಕಿವಿ ತೆರೆಯಿತು. ಎಂಟನೇ ಕ್ಲಾಸಲ್ಲಿ ಬೈಸಿಕೊಂಡು ಕಲಿತ ಛಂದಸ್ಸು ಮ್ಯಾಡ್ರಿಡ್‌ನಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು. ಒಬ್ಬರು ಕ್ಲಾಸಿಗೆ ಬಂದು ತಮಗೆ ಮಲಬದ್ಧತೆ (‘ಕಾನ್‌ಸ್ಟಿಪೇಟೆಡ್’) ಅಂತ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿದ್ದರು. ಪಾಪ, ‘ಕೊನ್ಸ್ತಿಪಾದೊ’ ಅಂದರೆ ಇಲ್ಲಿ ನೆಗಡಿ!

ಮಕ್ಕಳ ವಿಷಯ. ಮ್ಯಾಡ್ರಿಡ್ ಪ್ರಾಂತ್ಯದ ಹಲವು ಸರ್ಕಾರಿ ಶಾಲೆಗಳಲ್ಲಿ 2004ರಿಂದ ದ್ವಿಭಾಷಾ ಯೋಜನೆ ಇದೆ, ಅಂಥ ಶಾಲೆಯಲ್ಲಿ ವಿಜ್ಞಾನವನ್ನೂ ಇಂಗ್ಲಿಷಿನಲ್ಲೇ ಹೇಳಿಕೊಡುತ್ತಾರೆ. ಸ್ಪ್ಯಾನಿಷ್ ಭಾಷೆ ಆಟದ ಮೈದಾನದಲ್ಲೇ ಬಂದುಬಿಡುತ್ತದೆ. ಆದ್ದರಿಂದ ಮನೆಯಲ್ಲಿ ಇಂಗ್ಲಿಷ್ ಮಾತಾಡಿಸಬೇಡಿ, ಕನ್ನಡಕ್ಕೆ ಬೇರೆ ಜಾಗ ಎಲ್ಲಿದೆ ಇಲ್ಲಿ? ನಮ್ಮ ಅತ್ತೆ ಪ್ರತಿ ಭಾನುವಾರ ಹಾಸನದಿಂದ ವಿಡಿಯೊ ಕಾಲ್ ಮಾಡುತ್ತಾರೆ. ಮೊನ್ನೆ ‘ಇಸ್ಕೂಲ್ ಹೆಂಗೈತೆ ಪುಟ್ಟಿ’ ಅಂದರು. ಫೋನಿಟ್ಟ ಮೇಲೆ ಮಗಳು ಮೆಲ್ಲಗೆ ಕೇಳಿದಳು, ಅಜ್ಜಿಗೂ ಸ್ಪ್ಯಾನಿಷ್ ಬರುತ್ತಾ ಅಮ್ಮ?