‘ಮ್ಬ’ ಎಂಬುದನ್ನು ‘ಎಂಬ’ ಎಂದು ಬರೆಯಬಹುದೇ?

ಮಧ್ಯ ಆಫ್ರಿಕಾ ಗಣರಾಜ್ಯದ ಸಾಂಗೊ ಭಾಷೆಯ ಕೆಲವು ಪದಗಳನ್ನು ಕನ್ನಡ ಲಿಪಿಗೆ ತರುವಾಗ ಎದುರಾದ ತೊಡಕೊಂದನ್ನೂ, ಅದರ ಬೆನ್ನಿಗೇ ಎದ್ದ ಒಂದು ಪಾರಿಭಾಷಿಕ ಪದದ ಪ್ರಶ್ನೆಯನ್ನೂ ಬಲ್ಲವರ ಮುಂದಿಡುತ್ತಿದ್ದೇನೆ.

ಉಬಾಂಗಿ ನದಿಯ ಆಸುಪಾಸಿನ ಙ್ಗ್ಬಂದಿ ಭಾಷೆಯಿಂದ ವ್ಯಾಪಾರದ ನುಡಿಯಾಗಿ ಬೆಳೆದ ಸಾಂಗೊ, 1991ರಿಂದ ಫ್ರೆಂಚಿನ ಜೊತೆಗೆ ಆ ದೇಶದ ಅಧಿಕೃತ ಭಾಷೆಯಾಗಿದೆ. ಅದರ ಪದಗಳ ಕಟ್ಟು ಮೇಲ್ನೋಟಕ್ಕೆ ಸರಳ: ಒಂದು ವ್ಯಂಜನ, ಅದರ ಮೇಲೊಂದು ಸ್ವರ, ಇಂಥ ಒಂದೋ ಎರಡೋ ಘಟಕ ಸೇರಿದರೆ ಸಾಮಾನ್ಯವಾಗಿ ಪದ ಮುಗಿಯಿತು. ಎರವಲು ಪದಗಳನ್ನೂ ಮಾತಿನ ಭರದಲ್ಲಿ ಮೊಟಕಾದ ರೂಪಗಳನ್ನೂ ಬಿಟ್ಟರೆ ಈ ಘಟಕ, ಎಂದರೆ ಉಚ್ಚಾರಾಂಶ (ಸಿಲಬಲ್), ವ್ಯಂಜನದಲ್ಲಿ ಮುಗಿಯುವುದಿಲ್ಲ. ಊರು ಅಥವಾ ನಾಡು ಎಂಬರ್ಥದ ‘ಕೊಡೊರೊ’ ಬಾಯಿಮಾತಿನಲ್ಲಿ ‘ಕೊಡ್ರೊ’ ಆಗುವುದನ್ನು ಕಂಡಾಗ ನಮ್ಮ ಕುದುರೆ ‘ಕುದ್ರೆ’ಯಾಗುವುದು ನೆನಪಾಗದೆ ಇರದು.

ತೊಡಕಿರುವುದು ಆ ‘ಒಂದು ವ್ಯಂಜನ’ ಎಂಬ ಮಾತಿನಲ್ಲಿ. ಮ್ಬ, ನ್ದ, ಙ್ಗ, ಙ್ಗ್ಬ ಇವೆಲ್ಲ ನಮ್ಮ ಕಣ್ಣಿಗೆ ಒತ್ತಕ್ಷರಗಳಾದರೂ ಅಲ್ಲಿ ಒಂದೊಂದೂ ಒಂದೇ ವ್ಯಂಜನ. ‘ನಾನು’ ಎಂಬರ್ಥದ ‘ಮ್ಬಿ’ ಒಂದೇ ಉಚ್ಚಾರಾಂಶದ ಪದ. ನ್ಯಾಯವಿಚಾರಣೆ ಎಂಬರ್ಥದ ‘ಙ್ಗ್ಬಙ್ಗ’ದಲ್ಲಿರುವುದು ಎರಡೇ: ‘ಙ್ಗ್ಬ’ ಮತ್ತು ‘ಙ್ಗ’. ಫ್ರಾನ್ಸಿನ ಫುಟ್‌ಬಾಲ್ ಆಟಗಾರನ ಕ್ಯಾಮರೂನ್ ಮೂಲದ ಹೆಸರನ್ನು ನಮ್ಮ ಪತ್ರಿಕೆಗಳು ‘ಎಂಬಾಪೆ’ ಎಂದು ಬರೆಯುವ ರೂಢಿಯನ್ನೇ ಇಲ್ಲಿಗೂ ತಂದರೆ, ‘ಮ್ಬಿ’ ಹೋಗಿ ‘ಎಂಬಿ’ ಬರುತ್ತದೆ. ಮೂಲದಲ್ಲಿ ಇಲ್ಲದ ಒಂದು ಸ್ವರವೂ ಒಂದು ಉಚ್ಚಾರಾಂಶವೂ ಹೆಚ್ಚಾಗುತ್ತವೆ. ಹಾಗೆ ನೋಡಿದರೆ ಒತ್ತಕ್ಷರ ಬರೆಯಬಲ್ಲ ನಮ್ಮ ಲಿಪಿಗೆ ಈ ಕೆಲಸ ರೋಮನ್ ಲಿಪಿಗಿಂತ ಹಗುರಾಗಬೇಕಿತ್ತು.

ಪದದ ನಡುವೆ ಮಾತ್ರ ನಮ್ಮ ಬಿಂದುವೇ (ಅನುಸ್ವಾರದ ಸೊನ್ನೆಯೇ) ದಾರಿ ತಪ್ಪಿಸುತ್ತದೆ. ‘ಹೇಳುವಿಕೆ’ ಎಂಬರ್ಥದ ಪದವನ್ನು ‘ತೆನೆಂಗೊ’ ಎಂದು ಬರೆದರೆ ಕನ್ನಡದ ಓದುಗ ತೆ-ನೆಂ-ಗೊ ಎಂದು ಬಿಡಿಸುತ್ತಾನೆ, ನಡುವಿನದು ಗುರುವಾಗುತ್ತದೆ. ಸಾಂಗೊದಲ್ಲಿ ಅದು ತೆ-ನೆ-ಙ್ಗೊ, ಅನುನಾಸಿಕ ಹಿಂದಿನದಕ್ಕಲ್ಲ, ಮುಂದಿನದಕ್ಕೆ ಸೇರಿದ್ದು.

ಈ ಎಣಿಕೆ ತಪ್ಪಬಾರದೆಂದು ಇಷ್ಟು ಹಟ ಹಿಡಿಯಲು ಕಾರಣವಿದೆ. ಸಾಂಗೊದಲ್ಲಿ ದನಿಯ ಮೂರು ಮಟ್ಟಗಳಿದ್ದು, ಪ್ರತಿ ಉಚ್ಚಾರಾಂಶವೂ ಸಾಮಾನ್ಯವಾಗಿ ಅವುಗಳಲ್ಲೊಂದನ್ನು ಹೊತ್ತಿರುತ್ತದೆ. 1984ರಲ್ಲಿ ನಿಗದಿಯಾದ ಬರವಣಿಗೆಯಲ್ಲಿ ಎತ್ತರದ ದನಿಗೆ ಸ್ವರದ ತಲೆಯ ಮೇಲೊಂದು ಟೋಪಿ, ನಡುವಣ ದನಿಗೆ ಎರಡು ಚುಕ್ಕಿ, ತಗ್ಗಿನದಕ್ಕೆ ಗುರುತೇ ಇಲ್ಲ. ‘ತೆನೆ’ ಎಂಬುದನ್ನು ಎರಡೂ ಕಡೆ ತಗ್ಗಿಸಿ ನುಡಿದರೆ ‘ಹೇಳು’, ಎರಡನ್ನೂ ನಡುಮಟ್ಟದಲ್ಲಿ ನುಡಿದರೆ ‘ಮಾತು’. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗಿಬಿಡುತ್ತವೆ, ಸಾಲದ್ದಕ್ಕೆ ಓದುಗನ ಕಣ್ಣಮುಂದೆ ಜೋಳದ ತೆನೆ ನಿಲ್ಲುತ್ತದೆ. ಮೇಲೆ ಹೇಳಿದ ‘ತೆನೆಙ್ಗೊ’ದಲ್ಲಿ ಕ್ರಿಯಾಪದ ನಾಮಪದವಾಗುವಾಗ ‘ಙ್ಗೊ’ ಸೇರುವುದಲ್ಲದೆ ಮೂರೂ ಉಚ್ಚಾರಾಂಶಗಳು ನಡುದನಿಗೆ ಬರುತ್ತವೆ. ಅಲ್ಲಿ ದನಿ ವ್ಯಾಕರಣದ ಕೆಲಸವನ್ನೇ ಮಾಡುತ್ತಿದೆ.

ಇನ್ನು ಪದದ ಪ್ರಶ್ನೆ. ಈ ದನಿಮಟ್ಟವನ್ನು, ಎಂದರೆ ‘ಟೋನ್’ ಎಂಬುದನ್ನು, ಕನ್ನಡದಲ್ಲಿ ‘ಸ್ವರ’ ಎನ್ನಲು ಬರುವುದಿಲ್ಲ. ಅ, ಆ, ಇ, ಈಗಳು ಆ ಹೆಸರನ್ನು ಆಗಲೇ ಹಿಡಿದಿವೆ. ವೇದಪಾಠದಲ್ಲಿ ದನಿಯ ಏರಿಳಿತಕ್ಕಿರುವ ಹೆಸರುಗಳಾದ ಉದಾತ್ತ, ಅನುದಾತ್ತ, ಸ್ವರಿತಗಳೂ ಮೂರೇ ಆದ್ದರಿಂದ ಮನಸ್ಸು ಅತ್ತ ವಾಲುತ್ತದೆ, ಆದರೆ ಸ್ವರಿತವು ಉದಾತ್ತದಿಂದ ಇಳಿಯುವ ದನಿಯೆಂದು ವ್ಯಾಕರಣಗಳು ಹೇಳುವಾಗ ಅದನ್ನು ನಡುಮಟ್ಟಕ್ಕೆ ಹೊಂದಿಸುವುದು ಸರಿಯೆನಿಸಲಿಲ್ಲ. ಸದ್ಯಕ್ಕೆ ಮೇಲ್ದನಿ, ನಡುದನಿ, ಕೆಳದನಿ ಎಂದು ಬರೆದಿಟ್ಟುಕೊಂಡಿದ್ದೇನೆ. ಇವಕ್ಕಿಂತ ಒಪ್ಪುವ ಪದಗಳು ಬಳಕೆಯಲ್ಲಿದ್ದರೆ ಒಂದೆರಡು ವಾಕ್ಯಗಳ ಉದಾಹರಣೆಯೊಂದಿಗೆ ತಿಳಿಸಬೇಕೆಂದೂ, ಪದದ ನಡುವೆ ಬಿಂದುವನ್ನು ಬಿಟ್ಟು ‘ಙ್ಗ’ ಎಂದೇ ಬರೆದರೆ ಓದಿಗೆ ತೀರಾ ತೊಡಕಾದೀತೇ ಎಂಬ ಬಗ್ಗೆ ಅಭಿಪ್ರಾಯ ನೀಡಬೇಕೆಂದೂ ಕೋರುತ್ತೇನೆ.