ಮೂರರ ಮಗುವಿಗೆ ಪ್ರೀಸ್ಕೂಲ್: ಬಾಗಿಲ ಮೇಲಿನ ಬೋರ್ಡು ಬಿಟ್ಟು ಇನ್ನೇನು ನೋಡಬೇಕು?

ಕುವೆಂಪುನಗರ ಅಮ್ಮ:
ಮಗಳಿಗೆ ಈ ಆಗಸ್ಟ್‌ಗೆ ಮೂರು ತುಂಬುತ್ತೆ, ಜೂನ್‌ಗೆ ಸೇರಿಸಬೇಕು. ಮೈಸೂರಿನ ಕುವೆಂಪುನಗರದ ಸುತ್ತ ಮೂರು ಕಡೆ ನೋಡಿದ್ದಾಯ್ತು. ಒಂದರಲ್ಲಿ ಗೋಡೆ ತುಂಬ ಕಾರ್ಟೂನು, ಮೊಬೈಲಲ್ಲೇ ಸಿಸಿಟಿವಿ ನೋಡಬಹುದು. ಇನ್ನೊಂದು ಹಳೇ ಮನೆ, ಹಿತ್ತಲಲ್ಲಿ ಮಾವಿನ ಮರ, ಮರಳು. ಮೂರನೇದಕ್ಕೆ ಮಾಂಟೆಸ್ಸರಿ ಅಂತ ಬೋರ್ಡು, ಆದ್ರೆ ಈಗಲೇ ಎಬಿಸಿಡಿ ಬರೆಸ್ತಾರಂತೆ. ಫೀಸು ಹೆಚ್ಚುಕಮ್ಮಿ ಒಂದೇ. ಏನು ಕೇಳಿ ತೀರ್ಮಾನ ಮಾಡಲಿ?

ಸ್ಲೇಟು ಬಳಪ:
ಅಡ್ಮಿಷನ್ ದಿನ ಎಲ್ಲ ಶಾಲೆಯೂ ಚೆನ್ನಾಗೇ ಕಾಣುತ್ತೆ ಮೇಡಂ. ಮಾಮೂಲಿ ದಿನ ಹತ್ತೂವರೆಗೆ ಹೋಗಿ, ಅರ್ಧ ಗಂಟೆ ಮೂಲೇಲಿ ಕೂತ್ಕೋಬಹುದಾ ಅಂತ ಕೇಳಿ. ಆ ಹೊತ್ತಿಗೆ ಹಸಿವು, ಜಗಳ, ಒಂದಕ್ಕೆ ಹೋಗೋ ಗಡಿಬಿಡಿ ಎಲ್ಲ ಒಟ್ಟಿಗೆ ಬರುತ್ತೆ. ಮಿಸ್ ಬಗ್ಗಿ, ಮಗುವಿನ ಮುಖ ನೋಡಿ ಮಾತಾಡ್ತಾರಾ, ಇಲ್ಲಾ ಕೂತಲ್ಲಿಂದಲೇ ಕೂಗ್ತಾರಾ? ಚಡ್ಡಿ ಒದ್ದೆ ಆದ ಮಗೂನ ಎಲ್ಲರೆದುರು ಗದರ್ತಾರಾ, ಸದ್ದಿಲ್ಲದೆ ಕರ್ಕೊಂಡು ಹೋಗಿ ಬದಲಾಯಿಸ್ತಾರಾ? ಇಷ್ಟು ನೋಡಿದ್ರೆ ಮುಕ್ಕಾಲು ಪಾಲು ಗೊತ್ತಾಯ್ತು.

ಒಂದು ಪ್ರಶ್ನೆ ಕೇಳಲೇಬೇಕು: "ಒಂದು ಮಗು ಇನ್ನೊಂದನ್ನ ಕಚ್ಚಿದ್ರೆ ಏನು ಮಾಡ್ತೀರಾ?" ಕಚ್ಚಿಸಿಕೊಂಡ ಮಗುವಿನ ಹತ್ತಿರ ಮೊದಲು ಹೋಗಬೇಕು, ಗಾಯಾನ ಸೋಪು ನೀರಲ್ಲಿ ತೊಳೀಬೇಕು, ಎರಡೂ ಮನೆಗೆ ಅವತ್ತೇ ಹೇಳಬೇಕು, ಕಚ್ಚಿದ ಮಗುವಿನ ಹೆಸರು ಮಾತ್ರ ಹೇಳಬಾರದು. "ನಮ್ಮಲ್ಲಿ ಯಾವ ಮಗೂನೂ ಕಚ್ಚಲ್ಲ" ಅಂದ್ರೆ ನಂಬಬೇಡಿ. ಮಾತು ಇನ್ನೂ ಸರಿಯಾಗಿ ಬರದ ವಯಸ್ಸಲ್ಲಿ ಸಿಟ್ಟು ಹಲ್ಲಿಗೇ ಬರೋದು.

ಲೆಕ್ಕವೂ ಕೇಳಿ. ಪುಟ್ಟ ಮಕ್ಕಳ ಆರೈಕೆ, ಶಿಕ್ಷಣಕ್ಕೆ ಅಂತ ಕೇಂದ್ರ ಸರ್ಕಾರ ತಂದ 2013ರ ನೀತಿ ಪ್ರಕಾರ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ನೋಡಿಕೊಳ್ಳೋರು ಒಬ್ಬರು, ಮೂರಕ್ಕಿಂತ ಚಿಕ್ಕವರಾದ್ರೆ 10 ಮಕ್ಕಳಿಗೇ ಒಬ್ಬರು. 30 ಮಕ್ಕಳಿಗೆ ಕೋಣೆ ಕನಿಷ್ಠ 35 ಚದರ ಮೀಟರ್, ಅಂದ್ರೆ ಸುಮಾರು 375 ಚದರಡಿ. ನೀರು ಕೊಡೋಕೆ, ಬಾತ್‌ರೂಮಿಗೆ ಓಡಾಡೋ ಆಯಾನ ಟೀಚರ್ ಲೆಕ್ಕಕ್ಕೆ ಸೇರಿಸಿ ಹೇಳೋರಿದ್ದಾರೆ, ಹುಷಾರು. ಹೋದ ವರ್ಷದ ಟೀಚರ್‌ಗಳಲ್ಲಿ ಈ ವರ್ಷ ಎಷ್ಟು ಜನ ಉಳಿದಿದ್ದಾರೆ ಅಂತಾನೂ ಕೇಳಿ. ವರ್ಷದ ಮಧ್ಯೆ ಮಿಸ್ ಬದಲಾದ್ರೆ ಮಗು ಮತ್ತೆ ಮೊದಲಿನಿಂದ ಅಳೋಕೆ ಶುರು.

ಒಂಟಿಕೊಪ್ಪಲ್:
ಮಾಂಟೆಸ್ಸರಿ ಅನ್ನೋ ಹೆಸರನ್ನ ಯಾರು ಬೇಕಾದ್ರೂ ಹಾಕ್ಕೋಬಹುದು. ಎರಡೂವರೆಯಿಂದ ಆರರವರೆಗಿನ ಮಕ್ಕಳು ಒಂದೇ ಕೋಣೇಲಿ ಇರಬೇಕು, ತಾವೇ ಆರಿಸಿಕೊಂಡ ಕೆಲಸದಲ್ಲಿ ಎರಡು ಮೂರು ಗಂಟೆ ತೊಡಗಿರೋಕೆ ಬಿಡಬೇಕು. ಅರ್ಧ ಗಂಟೆಗೊಂದು ಬೆಲ್ಲು ಹೊಡೆದ್ರೆ ಬರೀ ಬೋರ್ಡು ಅಷ್ಟೇ. ಮಾಂಟೆಸ್ಸರಿ ಸಾಮಾನಲ್ಲಿ ಒಂದರ ಮೇಲೊಂದು ಪೇರಿಸೋ ಗುಲಾಬಿ ಗೋಪುರ ಅಂತಿರುತ್ತೆ, ಅದರ ಹತ್ತು ಘನಗಳು, 1 ಸೆಂಟಿಮೀಟರಿಂದ 10ರವರೆಗೆ, ಪೂರ್ತಿ ಇವೆಯಾ ಎಣಿಸಿ. ಗಾಜಿನ ಬೀರುವಲ್ಲಿ ಧೂಳು ಹಿಡಿದಿದ್ರೆ ಅದು ತೋರಿಸೋಕೆ ಇಟ್ಟಿದ್ದು.

ಮೂರು ವರ್ಷಕ್ಕೆ ನಾಲ್ಕು ಗೆರೆ ಪುಸ್ತಕ ಬೇಡವೇ ಬೇಡ. ಮಣಿಕಟ್ಟಿನ ಮೂಳೆ ಇನ್ನೂ ಬಲಿತಿರಲ್ಲ. ಬೆರಳಲ್ಲಿ ಕಸುವಿಲ್ಲದೆ ಪೆನ್ಸಿಲ್ಲನ್ನ ಮುಷ್ಟೀಲಿ ಹಿಡೀತಾರೆ, ಆ ಹಿಡಿತ ಆಮೇಲೆ ತಿದ್ದೋದು ಕಷ್ಟ. ಹಿಟ್ಟು ನಾದೋದು, ಕಾಗದ ಹರಿಯೋದು, ದೊಡ್ಡ ಮಣಿ ಪೋಣಿಸೋದು, ಮರಳಲ್ಲಿ ಬೆರಳಾಡಿಸೋದು: ಬರವಣಿಗೆಗೆ ಅಡಿಪಾಯ ಅಂದ್ರೆ ಅದೇ.

ನಾಲ್ಕನೇ ಕ್ರಾಸ್:
ಮೊದಲು ವಯಸ್ಸಿನ ಲೆಕ್ಕ ಹಾಕಿ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನೋ ನಿಯಮ ರಾಜ್ಯದಲ್ಲಿ 2025-26ರಿಂದ ಬಂತು. ಆ ಒಂದು ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದ್ರು. ಮುಂದಿನ ಜೂನ್‌ಗೇ ಎಲ್‌ಕೆಜಿಗೆ ಹಾಕಿದ್ರೆ ಯುಕೆಜಿ ಮುಗಿಸಿದಾಗ ನಿಮ್ಮ ಮಗಳಿಗೆ 5 ವರ್ಷ 10 ತಿಂಗಳು. ಸೀಟು ಸಿಗಲ್ಲ, ಮತ್ತೆ ಯುಕೆಜಿ. ಈ ಜೂನ್‌ನಿಂದ ಒಂದನೇ ಕ್ಲಾಸಿಗೆ ಪೂರ್ತಿ ನಾಲ್ಕು ವರ್ಷ ಇದೆ. ಹಾಗಿದ್ದ ಮೇಲೆ ಈಗಲೇ ಎಬಿಸಿಡಿ ಯಾಕೆ?

ಬೀದಿಯ ಅಂಗನವಾಡೀನೂ ಒಮ್ಮೆ ನೋಡಿ ಬನ್ನಿ. 1975ರ ಅಕ್ಟೋಬರ್ 2ಕ್ಕೆ ಈ ಯೋಜನೆ ರಾಜ್ಯದಲ್ಲಿ ಮೊದಲು ಶುರುವಾಗಿದ್ದು ನಮ್ಮ ತಿ. ನರಸೀಪುರದಲ್ಲೇ. 'ಚಿಲಿಪಿಲಿ' ಪಠ್ಯದಲ್ಲಿ ಕತೆ, ಹಾಡು, ಆಟ ಎಲ್ಲ ಕನ್ನಡದಲ್ಲಿ. ಕಾರ್ಯಕರ್ತೆ ಒಳ್ಳೆಯವರಾದ್ರೆ ಎಷ್ಟೋ ಪ್ಲೇಹೋಮಿಗಿಂತ ವಾಸಿ.

ಲಲಿತಾದ್ರಿ ರಸ್ತೆ:
ಹಳೇ ಮನೆ ಅಂದ್ರಲ್ಲ, ಸಂಪು ಎಲ್ಲಿದೆ ನೋಡಿದ್ರಾ? ಮುಚ್ಚಳ ಕಬ್ಬಿಣದ್ದಾಗಿರಬೇಕು, ಬೀಗ ಹಾಕಿರಬೇಕು. ಬಾತ್‌ರೂಮಿನ ಒಳಚಿಲಕ ಮಕ್ಕಳ ಕೈಗೆ ಎಟುಕಬಾರದು. ಬಾಗಿಲಿನ ಕೀಲಿನ ಸಂದೀಲಿ ಬೆರಳು ಸಿಕ್ಕಿಕೊಳ್ಳದ ಹಾಗೆ ಪಟ್ಟಿ ಹೊಡೆದಿರಬೇಕು. ಮರಳಿನ ಮೇಲೆ ರಾತ್ರಿ ಟಾರ್ಪಾಲು ಹಾಕ್ತಾರಾ ಕೇಳಿ, ಇಲ್ಲದಿದ್ರೆ ಬೆಕ್ಕು ಬಂದು ಗಲೀಜು ಮಾಡುತ್ತೆ. ಡಬ್ಬಿಗೆ ಇಡೀ ಕಡಲೆಬೀಜ ಬೇಡ, ದ್ರಾಕ್ಷಿಯಾದ್ರೆ ಉದ್ದಕ್ಕೆ ನಾಲ್ಕು ಸೀಳು ಮಾಡಿ ಹಾಕಿ, ಗಂಟಲಿಗೆ ಸಿಕ್ಕೋದು ಅವೇ. ಸಿಸಿಟಿವಿ ಎಷ್ಟಿದ್ರೂ ಬಿದ್ದ ಮಗೂನ ಎತ್ತೋಕೆ ಆಳು ಬೇಕಲ್ವಾ.

ಸೇರಿಸಿದ ಮೊದಲ ಮೂರು ದಿನ ಒಂದೊಂದೇ ಗಂಟೆ ಬಿಡಿ, ಆಮೇಲೆ ಎರಡು. ಕಣ್ಣು ತಪ್ಪಿಸಿ ಬರಬೇಡಿ, "ಊಟದ ಹೊತ್ತಿಗೆ ಬರ್ತೀನಿ" ಅಂತ ಹೇಳಿಯೇ ಹೊರಡಿ, ಹೇಳಿದ ಹೊತ್ತಿಗೇ ಹೋಗಿ. ಇದಕ್ಕೆ ಒಪ್ಪದ ಶಾಲೆ ಆದ್ರೆ ಬೇರೆ ನೋಡಿ.

ಕುವೆಂಪುನಗರ ಅಮ್ಮ:
ಸಂಪಿನ ಯೋಚನೆ ಹೊಳೆದೇ ಇರಲಿಲ್ಲ. ಸೋಮವಾರ ಹತ್ತೂವರೆಗೆ ಹಳೇ ಮನೆ ಕಡೆ ಹೋಗ್ತೀನಿ.