ಸಹಾಯ ಬೇಕು: ಕ್ಯಾಂಪರ್ ವ್ಯಾನಿನ ಫ್ರಿಜ್‌ಗೆ ಯಾವ ರಿಲೇ?

ಬದಿಯಡ್ಕದಲ್ಲಿ ಹಳೆಯ ಟೆಂಪೋ ಟ್ರಾವೆಲರನ್ನು ಕ್ಯಾಂಪರ್ ಮಾಡುತ್ತಿದ್ದೇವೆ. ಹಿಂದೆ 12 ವೋಲ್ಟಿನ ಲಿಥಿಯಂ ಬ್ಯಾಟರಿ ಇದೆ. ಫ್ರಿಜ್‌ಗೆ, ಪಂಪಿಗೆ ಒಂದೊಂದು ನಾಲ್ಕು ಪಿನ್ನಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್). 30ನೇ ಪಿನ್ನಿಗೆ ಫ್ಯೂಸ್ ದಾಟಿ ಬ್ಯಾಟರಿ, 87ರಿಂದ ಲೋಡ್, 85 ಅರ್ತ್. ಗೊಂದಲ ಇರುವುದು 86ರಲ್ಲಿ, ಅಂದರೆ ರಿಲೇ ಆನ್ ಮಾಡುವ ಕಾಯಿಲಿಗೆ ಪ್ಲಸ್ ಎಲ್ಲಿಂದ ಕೊಡುವುದು ಎಂಬುದರಲ್ಲಿ.

ಇಗ್ನಿಷನ್‌ನಿಂದ ಕೊಟ್ಟರೆ ಕೀ ತೆಗೆದ ಕೂಡಲೇ ಫ್ರಿಜ್ ಆಫ್. ಅದರಲ್ಲಿ ಅಮ್ಮನ ಇನ್ಸುಲಿನ್ ಇರುತ್ತದೆ, ಆಫ್ ಆಗಲೇಬಾರದು. ಹಿಂದಿನ ಬ್ಯಾಟರಿಯಿಂದಲೇ ಸ್ವಿಚ್ ಹಾಕಿ ಕೊಟ್ಟರೆ ರಾತ್ರಿಯಿಡೀ ಓಡುತ್ತದೆ, ಆದರೆ ಬೆಳಿಗ್ಗೆ ರಿಲೇ ಮುಟ್ಟಿದರೆ ಬಿಸಿ. ಕಾಯಿಲ್ ಸುಮ್ನೆ 150 ಮಿಲಿಆಂಪ್ಸ್ ಎಳೆದರೂ ದಿನಕ್ಕೆ ಬ್ಯಾಟರಿಯ 3.6 ಎಎಚ್ (ಆಂಪಿಯರ್-ಅವರ್) ಹೋಯ್ತು, ಅಲ್ವಾ? ಪಂಪು ಆಗಾಗ ಮಾತ್ರ ಓಡುವುದರಿಂದ ಅದಕ್ಕೆ ಪರವಾಗಿಲ್ಲ.

ಅಂಗಡಿಯವರು ಲ್ಯಾಚಿಂಗ್ ರಿಲೇ (ಒಮ್ಮೆ ಆನ್ ಮಾಡಿದರೆ ಕಾಯಿಲಿಗೆ ಕರೆಂಟಿಲ್ಲದೆಯೂ ಆನ್ ಆಗಿಯೇ ಉಳಿಯುವಂಥದ್ದು) ಹಾಕಿ ಎಂದರು. ವೈರಿಂಗಿನವರು, ಫ್ರಿಜ್ 5 ಆಂಪ್ಸ್ ಅಷ್ಟೇ, ರಿಲೇ ಯಾಕೆ, ಫ್ಯೂಸ್ ಹಾಕಿ ನೇರ ಸ್ವಿಚ್ ಸಾಕು ಎನ್ನುತ್ತಾರೆ. ಗುಂಡಿ ರಸ್ತೆಯ ಕುಲುಕಾಟಕ್ಕೆ ಲ್ಯಾಚಿಂಗ್ ರಿಲೇ ತಾನಾಗಿ ಆಫ್ ಆಗುವುದುಂಟಾ? ಫ್ರಿಜ್‌ಗೆ ಈ ಎರಡರಲ್ಲಿ ಯಾವುದು ಹಾಕಲಿ? ವ್ಯಾನಿನಲ್ಲಿ ಬಳಸಿದವರು ದಯವಿಟ್ಟು ಹೇಳಿ.